ಸ್ಕೈರಿಮ್‌ನ ಜಡೆ ಮತ್ತು ತುರುಬು: ಬೆನ್ನ ಹಿಂದಿನಿಂದ ಒಂದು ವಿಮರ್ಶೆ

ಸ್ಕೈರಿಮ್ ಎಂಬ ವಿಡಿಯೋ ಆಟವನ್ನು ಪಾತ್ರದ ಬೆನ್ನ ಹಿಂದಿನ ಕ್ಯಾಮೆರಾದಲ್ಲಿ ಆಡುವವರಿಗೆ ತಮ್ಮ ನಾಯಕಿಯ ಮುಖ ಕಾಣುವುದು ಬಲು ಅಪರೂಪ. ಅವರಿಗೆ ಕಾಣುವುದು ಅವಳ ಹಿಂದಲೆ, ಹೆಗಲು ಮತ್ತು ಬೆನ್ನಿಗೇರಿಸಿದ ಬಿಲ್ಲು ಬತ್ತಳಿಕೆಗಳು. ಪಾತ್ರವನ್ನು ರೂಪಿಸುವ ಪರದೆಯ ಮುಂದೆ ಕುಳಿತು ಮೂಗು, ಹುಬ್ಬು, ಕೆನ್ನೆಯ ಮೂಳೆಗಳನ್ನು ತಿದ್ದಿ ತೀಡುವುದರಲ್ಲಿ ಒಂದು ಸಂಜೆಯನ್ನೇ ಕಳೆದವರು ಕೂಡ, ಆಮೇಲೆ ಹಿಮದ ಹಾದಿಯಲ್ಲಿ ನಡೆಯುವಷ್ಟು ಹೊತ್ತೂ ಕಣ್ಣೆದುರು ಇಟ್ಟುಕೊಳ್ಳುವುದು ಅವಳ ಕೂದಲನ್ನೇ. ಆದ್ದರಿಂದ ಈ ಆಟದಲ್ಲಿ ಹೆಣ್ಣು ಪಾತ್ರಗಳಿಗೆ ದೊರೆಯುವ ಜಡೆ, ತುರುಬುಗಳನ್ನು ಮುಖದ ಅಲಂಕಾರವೆಂದು ನೋಡದೆ, ಬೆನ್ನ ಕಡೆಯಿಂದ, ಓಡುವಾಗ, ಕವಚ ತೊಟ್ಟಾಗ, ಮಳೆ ಹಿಮಗಳ ಬೆಳಕಿನಲ್ಲಿ ಹೇಗೆ ಕಾಣುತ್ತವೆ ಎಂಬ ಅಳತೆಯಿಂದ ನೋಡುವುದು ನ್ಯಾಯವೆಂದು ನನ್ನ ಎಣಿಕೆ. ಹಿಂದೆ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಮೊಗ್ಗಿನ ಜಡೆ ಹಾಕಿಸಿಕೊಂಡ ಹುಡುಗಿಯನ್ನು ಕನ್ನಡಿಗೆ ಬೆನ್ನಾಗಿ ನಿಲ್ಲಿಸಿ, ಮುಖದ ಜೊತೆಗೆ ಜಡೆಯೂ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆಯುತ್ತಿದ್ದರಲ್ಲ, ಆ ಛಾಯಾಗ್ರಾಹಕರಿಗೆ ಈ ಅಳತೆ ಚೆನ್ನಾಗಿ ತಿಳಿದಿತ್ತು.

ಮೊದಲು ಮೂಲ ಆಟ. 2011ರ ನವೆಂಬರ್ 11ರಂದು ಬೆಥೆಸ್ಡಾ ಕಂಪನಿ ಹೊರತಂದ ಈ ಆಟದಲ್ಲಿ ಹತ್ತು ಜನಾಂಗಗಳಿವೆ. ನಾರ್ಡ್, ಇಂಪೀರಿಯಲ್, ಬ್ರೆಟನ್ ಮತ್ತು ರೆಡ್‌ಗಾರ್ಡ್ ಎಂಬ ನಾಲ್ಕು ಮನುಷ್ಯ ಜನಾಂಗಗಳು, ಮೂರು ಬಗೆಯ ಎಲ್ಫ್‌ಗಳು, ಆರ್ಕ್‌ಗಳು, ಬೆಕ್ಕಿನ ಮುಖದ ಖಜೀಟ್‌ಗಳು ಮತ್ತು ಹಲ್ಲಿಯ ಮೈಯ ಆರ್ಗೋನಿಯನ್‌ಗಳು. ಖಜೀಟ್, ಆರ್ಗೋನಿಯನ್‌ರಿಗೆ ಅವರವೇ ಕೇಸರ, ಗರಿ, ಕೊಂಬುಗಳಿರುವುದರಿಂದ ಅವರನ್ನು ಈ ಚರ್ಚೆಯ ಹೊರಗಿಡುತ್ತೇನೆ. ಉಳಿದ ಹೆಂಗಸರಿಗೆ ಸಿಗುವ ಜಡೆಗಳು ಹೆಚ್ಚಾಗಿ ಕಿವಿಯ ಮುಂದೆ ಇಳಿಬಿಟ್ಟ ತೆಳುವಾದ ಹೆಣಿಗೆಗಳು, ಇಲ್ಲವೇ ಬೈತಲೆಯ ಎರಡೂ ಬದಿಯಿಂದ ಹಿಂದಕ್ಕೆ ಎಳೆದು ಕಟ್ಟಿದವು. ಬೆನ್ನ ಮೇಲೆ ತೂಗಾಡುವ ಒಂಟಿ ಜಡೆಯನ್ನು ಹುಡುಕಿ ಹೊರಟವರಿಗೆ ನಿರಾಶೆ ಖಂಡಿತ. ಹೆಗಲು ದಾಟಿ ಕೆಳಗಿಳಿಯುವ ಕೂದಲೇ ಮೂಲ ಆಟದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಇದು ಕಲಾವಿದರ ಜಿಪುಣತನದಿಂದ ಆದದ್ದಲ್ಲ, ಆಟದ ಯಂತ್ರವ್ಯವಸ್ಥೆಯಿಂದ ಆದದ್ದು. ಮೂಲ ಆಟದಲ್ಲಿ ಕೂದಲಿಗೆ ತನ್ನದೇ ಚಲನೆಯಿಲ್ಲ. ಇಡೀ ಕೇಶರಾಶಿಯನ್ನು ಪಾತ್ರದ ತಲೆಯ ಮೂಳೆಗೆ ಬಿಗಿಯಲಾಗಿದೆ, ತಲೆ ತಿರುಗಿದರೆ ಕೂದಲೂ ಒಂದೇ ಗಟ್ಟಿಯಾಗಿ ತಿರುಗುತ್ತದೆ. ಇಂಥ ವ್ಯವಸ್ಥೆಯಲ್ಲಿ ಸೊಂಟದವರೆಗೆ ಜಡೆ ಬಿಟ್ಟರೆ, ನಾಯಕಿ ಎಡಕ್ಕೆ ಕತ್ತು ಹೊರಳಿಸಿದಾಗ ಅದು ಕೋಲಿನಂತೆ ನೆಟ್ಟಗೆ ನಿಂತು ಬಲಹೆಗಲನ್ನು ಸೀಳಿಕೊಂಡು ಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ತುರುಬು ಮಾತ್ರ ನಿಜವಾಗಿ ನಿರಾಳ. ತಲೆಗೆ ಅಂಟಿಕೊಂಡಿರುವುದೇ ಅದರ ಸ್ವಭಾವ. ಅದು ಅಲುಗಾಡಬೇಕಿಲ್ಲ, ಅಲುಗಾಡದಿದ್ದರೆ ಯಾರಿಗೂ ಕೊರತೆಯೆನಿಸುವುದಿಲ್ಲ. ಹೀಗಿದ್ದೂ ಆಯ್ಕೆಪಟ್ಟಿಯಲ್ಲಿ ಅಚ್ಚುಕಟ್ಟಾದ ತುರುಬುಗಳನ್ನು ಧಾರಾಳವಾಗಿ ಕೊಡದೆ ಹೋದದ್ದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಡಾನ್‌ಗಾರ್ಡ್ ಎಂಬ, ಆಟಕ್ಕೆ ಆಮೇಲೆ ಸೇರಿಸಿದ ವಿಸ್ತರಣೆಯಲ್ಲಿ ಬರುವ ವಲೇರಿಕಾ ಎಂಬ ಪಾತ್ರದ ತಲೆಗಟ್ಟನ್ನು ನೋಡಿದರೆ, ಈ ಕಲಾವಿದರು ಮನಸ್ಸು ಮಾಡಿದರೆ ಗಂಟು ಕಟ್ಟಬಲ್ಲರು ಎಂಬುದು ಸ್ಪಷ್ಟವಾಗುತ್ತದೆ.

ಇನ್ನೊಂದು ಆಕ್ಷೇಪವನ್ನು ಇಲ್ಲಿಯೇ ಹೇಳಬೇಕು. ನಾರ್ಡ್, ಇಂಪೀರಿಯಲ್, ಬ್ರೆಟನ್ ಹೆಂಗಸರ ಕೇಶವಿನ್ಯಾಸದ ಪಟ್ಟಿ ಬಹುಮಟ್ಟಿಗೆ ಒಂದೇ. ಇಂಪೀರಿಯಲ್‌ರ ಕವಚ, ಸೇನೆಯ ಪದವಿಗಳು, ಹೆಸರುಗಳು ಎಲ್ಲವೂ ಪುರಾತನ ರೋಮ್‌ನ ನೆರಳಿನಲ್ಲಿ ರೂಪುಗೊಂಡಿವೆ. ಆದರೆ ಅವರ ಹೆಂಗಸರ ತಲೆಯ ಮೇಲೆ ಆ ರೋಮ್ ಇಲ್ಲ. ರೋಮನ್ ಶಿಲ್ಪಗಳಲ್ಲಿ ಕಾಣುವ ಹೆಣ್ಣಿನ ತುರುಬುಗಳೋ ಒಂದೊಂದೂ ಒಂದೊಂದು ಕಟ್ಟಡದಂತಿವೆ. ಹಲವು ಜಡೆಗಳನ್ನು ಹೆಣೆದು, ಸುರುಳಿ ಸುತ್ತಿ, ಹಿಂದಲೆಯ ಮೇಲೆ ನಿಲ್ಲಿಸಿದಂಥವು ಅವು. ಅವುಗಳನ್ನು ಬರಿಯ ಪಿನ್ನುಗಳಿಂದಲ್ಲ, ಸೂಜಿ ದಾರಗಳಿಂದ ಹೊಲಿದು ನಿಲ್ಲಿಸುತ್ತಿದ್ದರೆಂದು ಅಮೆರಿಕದ ಕೇಶವಿನ್ಯಾಸಕಿ ಜಾನೆಟ್ ಸ್ಟೀಫನ್ಸ್ 2008ರಲ್ಲಿ ರೋಮನ್ ಪುರಾತತ್ವದ ವಿದ್ವತ್ಪತ್ರಿಕೆಯೊಂದರಲ್ಲಿ ವಾದಿಸಿ, ತಾವೇ ಮಾದರಿಗಳ ತಲೆಯ ಮೇಲೆ ಹೊಲಿದು ತೋರಿಸಿದ್ದಾರೆ. ಸಾಲಿಟ್ಯೂಡ್ ನಗರದ ಇಂಪೀರಿಯಲ್ ಸಿರಿವಂತೆಗೂ ವಿಂಡ್‌ಹೆಲ್ಮ್‌ನ ಮೀನುಗಾರ್ತಿಗೂ ಒಂದೇ ಬಗೆಯ ತಲೆ ಬಾಚುವ ಬದಲು ಇಂಥದೊಂದು ಹೊಲಿದ ತುರುಬನ್ನು ಕೊಟ್ಟಿದ್ದರೆ ಜನಾಂಗ ಭೇದವನ್ನು ದೂರದಿಂದಲೇ ಗುರುತಿಸಬಹುದಿತ್ತು.

ನಾರ್ಡ್‌ರ ವಿಷಯದಲ್ಲಿಯೂ ಹೀಗೆಯೇ. ಅವರನ್ನು ಸ್ಕ್ಯಾಂಡಿನೇವಿಯಾದ ಹಳೆಯ ಜನರ ಮಾದರಿಯಲ್ಲಿ ಕಲ್ಪಿಸಲಾಗಿದೆಯೆಂಬುದು ಆಡಿದ ಎಲ್ಲರಿಗೂ ತಿಳಿದದ್ದೇ. ಆ ನಾಡಿನ ನಿಜವಾದ ಸಾಕ್ಷ್ಯಗಳು ಜಡೆಯನ್ನೂ ಗಂಟನ್ನೂ ಬೇರೆಬೇರೆಯಾಗಿ ಇಡುವುದಿಲ್ಲ. ಡೆನ್ಮಾರ್ಕ್‌ನ ಸಿಲ್ಕೆಬೋರ್ ಬಳಿಯ ಜೌಗಿನಲ್ಲಿ 1938ರಲ್ಲಿ ದೊರೆತ, ಕ್ರಿಸ್ತಪೂರ್ವ 280ರ ಆಸುಪಾಸಿನ ‘ಎಲ್ಲಿಂಗ್ ಮಹಿಳೆ’ ಎಂಬ ಶವದ ತಲೆಯಲ್ಲಿ ಸುಮಾರು 90 ಸೆಂಟಿಮೀಟರ್ ಉದ್ದದ ಜಡೆ ಕೆಡದೆ ಉಳಿದಿತ್ತು, ಅದನ್ನು ಮಡಿಚಿ ಗಂಟು ಹಾಕಲಾಗಿತ್ತು. ಅದೇ ದೇಶದ ಹೋರ್ಬಿಯಲ್ಲಿ 2012ರಲ್ಲಿ ಸಿಕ್ಕ, ಕ್ರಿಸ್ತಶಕ 800ರ ಸುಮಾರಿನ, ಚಿನ್ನದ ಲೇಪವಿರುವ ಬೆಳ್ಳಿಯ ಪುಟ್ಟ ಯೋಧೆಯ ಮೂರ್ತಿ 3.4 ಸೆಂಟಿಮೀಟರ್ ಎತ್ತರವಷ್ಟೇ ಇದೆ. ಆದರೆ ಕತ್ತಿ ಗುರಾಣಿ ಹಿಡಿದ ಅವಳ ಕೂದಲನ್ನು ಹಿಂದಕ್ಕೆ ಬಾಚಿ ಗಂಟು ಕಟ್ಟಿ, ಆ ಗಂಟಿನಿಂದ ಜುಟ್ಟನ್ನು ಇಳಿಬಿಟ್ಟಿರುವುದನ್ನು ಆ ಅಕ್ಕಸಾಲಿಗ ಮರೆಯದೆ ಕೆತ್ತಿದ್ದಾನೆ. ಈ ಎರಡನೆಯ ವಸ್ತು ಆಟ ಬಿಡುಗಡೆಯಾದ ಮೇಲೆ ಸಿಕ್ಕಿದ್ದು, ಹಾಗಾಗಿ ಅದನ್ನು ನೋಡಲಿಲ್ಲವೆಂದು ತಯಾರಕರನ್ನು ದೂರುವಂತಿಲ್ಲ. ಆದರೂ ಯುದ್ಧಕ್ಕೆ ಹೋಗುವ ಹೆಣ್ಣು ಕೂದಲನ್ನು ಕಟ್ಟಿಕೊಳ್ಳುತ್ತಾಳೆ ಎಂಬ ಸರಳ ವಿಚಾರಕ್ಕೆ ಪುರಾತತ್ವವೇ ಬೇಕೆಂದಿಲ್ಲ. ಮೂಲ ಆಟದ ಬಹಳಷ್ಟು ವೀರನಾರಿಯರು ಡ್ರ್ಯಾಗನ್‌ನ ಎದುರಿಗೂ ಕೆದರಿದ ಕೂದಲಿನಲ್ಲಿಯೇ ನಿಲ್ಲುತ್ತಾರೆ.

ಈ ಕೊರತೆಯನ್ನು ತುಂಬಲು ಹೊರಟವರು ಆಟಗಾರರೇ. ಮಾಡ್, ಅಂದರೆ ಆಟಗಾರರೇ ಆಟಕ್ಕೆ ಸೇರಿಸುವ ಮಾರ್ಪಾಡುಗಳನ್ನು ತಯಾರಿಸುವ ಕ್ರಿಯೇಶನ್ ಕಿಟ್ ಎಂಬ ಸಲಕರಣೆ 2012ರಲ್ಲಿ ಹೊರಬಂದ ಮೇಲೆ ಹುಟ್ಟಿಕೊಂಡ ಕೂದಲಿನ ಸಂಗ್ರಹಗಳಲ್ಲಿ ಎರಡು ಹೆಸರುಗಳು ಎಲ್ಲರ ಬಾಯಲ್ಲಿವೆ: ಅಪಾಚಿ ಎಂಬುವರ ಅಪಾಚಿಸ್ಕೈಹೇರ್ ಮತ್ತು ಕಾಲಿಲೀಸ್ ಎಂಬುವರ ಕೆಎಸ್ ಹೇರ್‌ಡೂಸ್. ಎರಡೂ ಉಚಿತ, ನೆಕ್ಸಸ್ ಮಾಡ್ಸ್ ತಾಣದಲ್ಲಿ ದೊರೆಯುತ್ತವೆ. ಕೆಎಸ್ ಸಂಗ್ರಹವಂತೂ ಆಯ್ಕೆಪಟ್ಟಿಗೆ ನೂರಾರು ಕೇಶವಿನ್ಯಾಸಗಳನ್ನು ಒಮ್ಮೆಗೇ ಸೇರಿಸುತ್ತದೆ. ತಲೆಯ ಸುತ್ತ ಕಿರೀಟದಂತೆ ಸುತ್ತಿದ ಜಡೆ, ಮೀನಿನ ಬಾಲದಂತೆ ನುಣ್ಣಗೆ ಹೆಣೆದ ಜಡೆ, ಒಂದು ಹೆಗಲ ಮೇಲಿಂದ ಎದೆಗೆ ಇಳಿಬಿಟ್ಟ ಜಡೆ, ನೆತ್ತಿಯ ತುರುಬು, ಕತ್ತಿನ ಬಳಿಯ ಸಡಿಲ ತುರುಬು, ಜಡೆಯನ್ನೇ ಸುತ್ತಿ ಕಟ್ಟಿದ ತುರುಬು ಹೀಗೆ ಕೇಳಿದ್ದೆಲ್ಲ ಇದೆ. ಇಷ್ಟು ದೊಡ್ಡ ರಾಶಿಯಲ್ಲಿ ಬೇಕಾದ್ದನ್ನು ಹುಡುಕುವುದು ಒಂದು ಪ್ರತ್ಯೇಕ ಕೆಲಸವೇ ಸರಿ. ಮೂಲ ಆಟದ ಪಟ್ಟಿಯಲ್ಲಿ ಹೆಸರುಗಳಿಲ್ಲ, ಅತ್ತಿತ್ತ ಎಳೆಯುವ ಒಂದು ಗುಂಡಿಯಷ್ಟೇ. ರೇಸ್‌ಮೆನು ಎಂಬ ಇನ್ನೊಂದು ಮಾಡ್ ಹಾಕಿಕೊಂಡರೆ ಹೆಸರುಗಳು ಕಾಣುತ್ತವೆ, ಬಣ್ಣವನ್ನೂ ಬೇಕಾದ ಛಾಯೆಗೆ ತಿರುಗಿಸಬಹುದು. ಅದಿಲ್ಲದೆ ಈ ಸಂಗ್ರಹಗಳನ್ನು ಬಳಸಬೇಡಿರೆಂದೇ ನನ್ನ ಸಲಹೆ.

ಗುಣದ ಮಾತಿಗೆ ಬಂದರೆ, ಈ ಎರಡೂ ಸಂಗ್ರಹಗಳ ಹುಟ್ಟನ್ನು ತಿಳಿದಿರಬೇಕಾಗುತ್ತದೆ. ಇವುಗಳಲ್ಲಿನ ಹೆಚ್ಚಿನ ಕೇಶವಿನ್ಯಾಸಗಳು ದ ಸಿಮ್ಸ್ ಆಟಕ್ಕಾಗಿ ಅದರ ಅಭಿಮಾನಿಗಳು ಮಾಡಿದವು. ಅವನ್ನು ಸ್ಕೈರಿಮ್‌ನ ತಲೆಗೆ ಹೊಂದುವಂತೆ ಮಾರ್ಪಡಿಸಿ ತರಲಾಗಿದೆ. ಸಿಮ್ಸ್ ಎಂದರೆ ಇಂದಿನ ಊರು, ಇಂದಿನ ಮನೆ, ಇಂದಿನ ಪಾರ್ಟಿ. ಹೀಗಾಗಿ ಜಡೆಯ ಒಂದೊಂದು ಎಳೆಯೂ ಈಗತಾನೇ ಪಾರ್ಲರಿನಿಂದ ಎದ್ದು ಬಂದಂತೆ ಮಿರುಗುತ್ತದೆ, ಹಣೆಯ ಮೇಲಿನ ಮುಂಗುರುಳು ಬೇಕೆಂದೇ ಅಲ್ಲಿಟ್ಟಂತೆ ಅಲ್ಲಿಯೇ ನಿಲ್ಲುತ್ತದೆ. ಒಂಟಿಯಾಗಿ, ಮುಖದ ಹತ್ತಿರ ಕ್ಯಾಮೆರಾ ಇಟ್ಟು ನೋಡಿದರೆ ಬಹಳ ಚೆಂದ. ಆದರೆ ಅದೇ ನಾಯಕಿಯನ್ನು ವಿಂಡ್‌ಹೆಲ್ಮ್‌ನ ಸೇತುವೆಯ ಮೇಲೆ, ಬೀಸುವ ಹಿಮದಲ್ಲಿ, ಒರಟು ತೊಗಲಿನ ಅಂಗಿ ತೊಟ್ಟ ಕಾವಲುಗಾರನ ಪಕ್ಕದಲ್ಲಿ ನಿಲ್ಲಿಸಿದರೆ ಅವಳು ಬೇರೆ ಯಾವುದೋ ಆಟದಿಂದ ದಾರಿ ತಪ್ಪಿ ಬಂದವಳಂತೆ ಕಾಣುತ್ತಾಳೆ. ಈ ತೊಂದರೆ ಬಿಟ್ಟ ಕೂದಲಿನ ಶೈಲಿಗಳಲ್ಲಿ ಹೆಚ್ಚು, ಜಡೆಗಳಲ್ಲಿ ಕಡಿಮೆ, ಬಿಗಿಯಾದ ತುರುಬುಗಳಲ್ಲಿ ಇನ್ನೂ ಕಡಿಮೆ. ಜಡೆ ಹೆಣೆಯುವ ಕ್ರಮ ಯಾವ ಕಾಲಕ್ಕೂ ಯಾವ ನಾಡಿಗೂ ಸಲ್ಲುವಂಥದು. ಮೂರು ಎಳೆಗಳನ್ನು ಒಂದರ ಮೇಲೊಂದು ದಾಟಿಸುವುದರಲ್ಲಿ ಇಂದಿನದು, ಅಂದಿನದು ಎಂಬ ಗುರುತು ಇರುವುದಿಲ್ಲ. ಹಾಗಾಗಿ ಈ ನೂರಾರರಲ್ಲಿ ಸ್ಕೈರಿಮ್‌ನ ಹವೆಗೆ ಒಗ್ಗುವಂಥವನ್ನು ಆರಿಸಬೇಕಿದ್ದರೆ ಜಡೆ ತುರುಬುಗಳ ಗುಂಪಿನಿಂದಲೇ ಆರಂಭಿಸುವುದು ಒಳ್ಳೆಯದು.

ಆರಿಸಿದ ಮೇಲೆ ಮೊದಲು ಎದುರಾಗುವುದು ಬೆನ್ನಿನ ಸಮಸ್ಯೆ. ಈ ಆಟದಲ್ಲಿ ಬಿಲ್ಲು, ಬತ್ತಳಿಕೆ, ಎರಡು ಕೈಯ ಕತ್ತಿ, ಯುದ್ಧಗೊಡಲಿ ಎಲ್ಲವೂ ಬೆನ್ನಿಗೆ ಏರುತ್ತವೆ. ನಟ್ಟನಡುವೆ ಇಳಿಬಿಟ್ಟ ಉದ್ದ ಜಡೆ ಬತ್ತಳಿಕೆಯೊಳಗೆ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತದೆ. ಬಿಲ್ಲುಗಾರ್ತಿಯಾಗಿ ಆಡುವವರಿಗೆ ಇದು ಆಟದುದ್ದಕ್ಕೂ ಕಣ್ಣಿಗೆ ಚುಚ್ಚುವ ದೃಶ್ಯ. ಹೆಗಲ ಮೇಲಿಂದ ಮುಂದಕ್ಕೆ ಬಿಟ್ಟ ಜಡೆ ಬತ್ತಳಿಕೆಯಿಂದ ಪಾರಾಗುತ್ತದೆ, ಆದರೆ ಅದು ಎದೆಗವಚದೊಳಗೆ ಮುಳುಗುವ ಸಂಭವವಿದೆ. ಬಟ್ಟೆಯ ಅಂಗಿಯ ಮೇಲೆ ಸರಿಯಾಗಿ ಕೂತ ಜಡೆ ಉಕ್ಕಿನ ಫಲಕದ ಕವಚ ತೊಟ್ಟಕೂಡಲೇ ಅರ್ಧ ಮಾಯವಾಗುತ್ತದೆ. ಕಂಪ್ಯಾನಿಯನ್ಸ್ ಬಳಗದ ತೋಳದ ಕವಚಕ್ಕೆ ಹೆಗಲಿನಲ್ಲಿ ತುಪ್ಪಳವಿದೆ, ಸ್ಟಾರ್ಮ್‌ಕ್ಲೋಕ್ ಎಂಬ ಬಂಡುಕೋರ ಪಡೆಯ ಅಧಿಕಾರಿಯ ಕವಚದಲ್ಲಿ ಕರಡಿಯ ಚರ್ಮವೇ ಇದೆ. ಇಂಥವುಗಳ ಜೊತೆಗೆ ಕತ್ತಿನ ಬಳಿ ಕಟ್ಟಿದ ತಗ್ಗಿನ ತುರುಬು ಕೂಡ ಹೊಂದುವುದಿಲ್ಲ, ತುಪ್ಪಳದೊಳಗೆ ಹುದುಗಿಹೋಗುತ್ತದೆ. ಹಿಂದಲೆಯ ನಡುಭಾಗದಲ್ಲಿ ಅಥವಾ ನೆತ್ತಿಗೆ ಹತ್ತಿರವಾಗಿ ಕಟ್ಟಿದ ತುರುಬು, ಇಲ್ಲವೇ ತಲೆಯ ಸುತ್ತ ಸುತ್ತಿದ ಜಡೆ, ಇವೆರಡೇ ಯಾವ ಕವಚದೊಂದಿಗೂ ಜಗಳವಾಡದೆ ಇರುತ್ತವೆ. ಈ ಎರಡರಲ್ಲಿ ಸುತ್ತುಜಡೆಗೆ ನನ್ನ ಮತ, ಏಕೆಂದರೆ ಹಿಂದಿನಿಂದ ನೋಡುವಾಗ ತಲೆಯ ಆಕಾರವನ್ನು ಅದು ಕೆಡಿಸುವುದಿಲ್ಲ. ಬೆಟ್ಟದ ಅಂಚಿನಲ್ಲಿ ಆಕಾಶಕ್ಕೆ ಎದುರಾಗಿ ನಿಂತಾಗ ದೊಡ್ಡ ನೆತ್ತಿತುರುಬು ಕೊಂಚ ಹಾಸ್ಯವಾಗಿ ಕಾಣುವುದುಂಟು.

ಇನ್ನು ಶಿರಸ್ತ್ರಾಣದ ಪ್ರಶ್ನೆ. ಶಿರಸ್ತ್ರಾಣ ಅಥವಾ ಕುಲಾವಿ ಧರಿಸಿದರೆ ಆಟ ಕೂದಲನ್ನು ಮರೆಮಾಡಿಬಿಡುತ್ತದೆ, ಎಷ್ಟೇ ಆಸ್ಥೆಯಿಂದ ಆರಿಸಿದ ತುರುಬಾದರೂ ಸರಿ. ಡಾನ್‌ಗಾರ್ಡ್‌ನ ಸೆರಾನಾ ಎಂಬ ವ್ಯಾಂಪೈರ್ (ರಕ್ತಪಿಪಾಸು) ಬಿಸಿಲಿಗೆ ಬಂದಾಗಲೆಲ್ಲ ಕುಲಾವಿ ಏರಿಸಿಕೊಳ್ಳುವುದರಿಂದ, ಈ ಆಟದಲ್ಲಿ ಅತ್ಯಂತ ಶ್ರದ್ಧೆಯಿಂದ ರೂಪಿಸಿದ ತಲೆಗಳಲ್ಲಿ ಒಂದನ್ನು ನಾವು ಹಗಲು ಹೊತ್ತು ಗುಹೆಗಳಲ್ಲಿ, ಕೋಣೆಗಳಲ್ಲಿ ಮಾತ್ರ ನೋಡಲು ಸಾಧ್ಯ. ಕಾದಾಡುವ ನಾಯಕಿಗೆ ಶಿರಸ್ತ್ರಾಣ ತೆಗೆಯುವುದೂ ಸುಲಭದ ಮಾತಲ್ಲ. ಭಾರಿ ಕವಚದ ‘ವೆಲ್ ಫಿಟೆಡ್’ ಮತ್ತು ಹಗುರ ಕವಚದ ‘ಕಸ್ಟಮ್ ಫಿಟ್’ ಎಂಬ ಪರಿಣತಿಗಳು ತಲೆ, ಎದೆ, ಕೈ, ಕಾಲು ನಾಲ್ಕಕ್ಕೂ ಕವಚವಿದ್ದರೆ ಮಾತ್ರ ರಕ್ಷಣೆಯನ್ನು 25 ಪ್ರತಿಶತ ಹೆಚ್ಚಿಸುತ್ತವೆ. ಅಂದರೆ ಜಡೆ ತೋರಿಸಿಕೊಳ್ಳಬೇಕೆಂದರೆ ಅಷ್ಟು ರಕ್ಷಣೆಯನ್ನು ಬಿಟ್ಟುಕೊಡಬೇಕು. ಹಣೆಗೆ ಕಟ್ಟುವ ಸರ್ಕ್ಲೆಟ್ ಕೂದಲನ್ನು ಮರೆಮಾಡುವುದಿಲ್ಲ, ಅದಕ್ಕೆ ಮಾಂತ್ರಿಕ ಗುಣವನ್ನೂ ಕೊಡಬಹುದು, ಆದರೆ ಅದು ಕವಚದ ಲೆಕ್ಕಕ್ಕೆ ಬರುವುದಿಲ್ಲ. ಕವಚವಿಲ್ಲದೆ ಆಡುವ ಮಾಂತ್ರಿಕಳಿಗೆ ಇದೇ ವರವಾಗುತ್ತದೆ. ಕವಚ ತೊಡದವರಿಗಷ್ಟೇ ಫಲಿಸುವ, ಆಲ್ಟರೇಶನ್ ಎಂಬ ಮಂತ್ರವಿದ್ಯೆಯ ‘ಮೇಜ್ ಆರ್ಮರ್’ ಪರಿಣತಿಗೆ ಸರ್ಕ್ಲೆಟ್‌ನಿಂದ ಭಂಗವಿಲ್ಲ. ಆದುದರಿಂದ ಈ ಆಟದಲ್ಲಿ ಕೇಶಾಲಂಕಾರದ ಪೂರ್ಣ ಸುಖ ಸಿಗುವುದು ಮಾಂತ್ರಿಕಳಿಗೆ ಮಾತ್ರ. ಅವಳ ಹಣೆಯ ಸರ್ಕ್ಲೆಟ್ ಸುತ್ತುಜಡೆಯೊಂದಿಗೆ ಸೇರಿದಾಗ ಒಮ್ಮೊಮ್ಮೆ ಲೋಹ ಕೂದಲಿನೊಳಗೆ ಹುದುಗುತ್ತದೆ, ಆದರೂ ಆ ಜೋಡಣೆ ಕಣ್ಣಿಗೆ ಒಪ್ಪುತ್ತದೆ.

ಜಡೆಗೆ ಜೀವ ಬರಿಸುವ ಎಚ್‌ಡಿಟಿ-ಎಸ್‌ಎಂಪಿ ಎಂಬ ವ್ಯವಸ್ಥೆಯನ್ನು ಬಿಟ್ಟರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಇದು ಬುಲೆಟ್ ಎಂಬ ಭೌತಶಾಸ್ತ್ರದ ಲೆಕ್ಕಾಚಾರದ ತಂತ್ರಾಂಶವನ್ನು ಸ್ಕೈರಿಮ್‌ಗೆ ತಂದು, ಜಡೆಯೊಳಗೆ ಸಣ್ಣ ಸಣ್ಣ ಮೂಳೆಗಳ ಸರಪಳಿಯೊಂದನ್ನು ಪೋಣಿಸಿ, ಪ್ರತಿಯೊಂದಕ್ಕೂ ತೂಕ, ಬಿಗಿ, ಎಳೆತಗಳನ್ನು ಕೊಟ್ಟು, ಬೆನ್ನಿಗೆ ತಾಗಿದರೆ ಅಲ್ಲಿಯೇ ನಿಲ್ಲುವಂತೆ ಮಾಡುತ್ತದೆ. ಕೆಎಸ್ ಸಂಗ್ರಹದ ಬಹಳಷ್ಟು ಶೈಲಿಗಳಿಗೆ ಇಂಥ ಚಲಿಸುವ ರೂಪಗಳನ್ನು ಬೇರೆಬೇರೆಯವರು ತಯಾರಿಸಿದ್ದಾರೆ. ಚೆನ್ನಾಗಿ ಹೊಂದಿಸಿದ ಜಡೆ ಓಡುವಾಗ ಬೆನ್ನಿಗೆ ಬಡಿದು ಹಿಂದೆ ಸರಿಯುತ್ತದೆ, ನಿಂತಾಗ ಒಂದೆರಡು ಬಾರಿ ತೂಗಿ ಸ್ಥಿರವಾಗುತ್ತದೆ. ಮೂಲ ಆಟ ಕೊಡಲಾರದೆ ಹೋದ ಸೊಂಟದುದ್ದದ ಒಂಟಿ ಜಡೆ ಈ ವ್ಯವಸ್ಥೆಯಿಂದಲೇ ಸಾಧ್ಯವಾಯಿತು. ಸರಿಯಾಗಿ ಹೊಂದಿಸದ ಜಡೆಯೋ, ಹಗುರವಾದ ರಿಬ್ಬನ್ನಿನಂತೆ ಗಾಳಿಯಲ್ಲಿ ಹಾರಾಡುತ್ತದೆ. ಹೆಣೆದ ಕೂದಲಿಗೆ ಇರಬೇಕಾದ ಭಾರ ಅದರಲ್ಲಿಲ್ಲ, ಮತ್ತು ಈ ಭಾರದ ಕೊರತೆಯೇ ನನ್ನ ದೃಷ್ಟಿಯಲ್ಲಿ ಚಲಿಸುವ ಜಡೆಗಳ ದೊಡ್ಡ ದೋಷ. ಬಿಟ್ಟ ಕೂದಲಿಗಾಗಿ ಬರೆದ ಅಂಕಿಗಳನ್ನೇ ಜಡೆಗೂ ಹಾಕಿದಾಗ ಹೀಗಾಗುತ್ತದೆ. ಈ ಲೆಕ್ಕಾಚಾರ ಕಂಪ್ಯೂಟರಿನ ಪ್ರೊಸೆಸರಿನ ಮೇಲೆ ಭಾರ ಹಾಕುವುದರಿಂದ, ಜನ ತುಂಬಿದ ವೈಟ್‌ರನ್ ಮಾರುಕಟ್ಟೆಯಲ್ಲಿ ಎಲ್ಲ ಹೆಂಗಸರಿಗೂ ಚಲಿಸುವ ಕೂದಲು ಹಾಕಿದರೆ ಆಟ ತೆವಳತೊಡಗುತ್ತದೆ. ನಾಯಕಿಗೂ ಅವಳ ಸಂಗಾತಿಗೂ ಮಾತ್ರ ಹಾಕಿ ಉಳಿದವರನ್ನು ಬಿಟ್ಟುಬಿಡುವುದು ಲೇಸು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಆಡುವವರಿಗೆ ಇಲ್ಲಿಯೂ ತುರುಬೇ ಮಿತವ್ಯಯದ ಆಯ್ಕೆ, ಕಿವಿಯ ಬಳಿಯ ಎರಡು ಸಡಿಲ ಎಳೆಗಳಷ್ಟೇ ಅಲುಗಿದರೂ ಇಡೀ ತಲೆಗೆ ಜೀವ ಬಂದಂತಾಗುತ್ತದೆ.

ಬಣ್ಣದ ಬಗ್ಗೆ ನಮ್ಮವರಿಗೆ ಒಂದು ಮಾತು. ನಮ್ಮಲ್ಲಿ ಬಹಳ ಮಂದಿ ಸಹಜವಾಗಿ ಕಪ್ಪು ಕೂದಲನ್ನೇ ಆರಿಸುತ್ತಾರೆ. ಈ ಆಟದಲ್ಲಿ ಕೂದಲಿನ ಚಿತ್ರಪದರದ ಮೇಲೆ ಆರಿಸಿದ ಬಣ್ಣವನ್ನು ಕೂಡಿಸಿ ಅಂತಿಮ ಛಾಯೆಯನ್ನು ತರಲಾಗುತ್ತದೆ. ಪೂರ್ತಿ ಕಪ್ಪನ್ನು ಕೊಟ್ಟರೆ ಎಳೆಗಳ ನಡುವಿನ ನೆರಳೂ ಎಳೆಗಳ ಮೇಲಿನ ಹೊಳಪೂ ಒಂದೇ ಆಗಿ, ಹೆಣಿಗೆ ಕಾಣದೆ ಜಡೆ ಕಪ್ಪು ಕೊಳವೆಯಾಗಿಬಿಡುತ್ತದೆ. ಕಡುಗಂದು ಬಣ್ಣ ಕೊಟ್ಟರೆ ಈ ಆಟದ ಮಬ್ಬು ಬೆಳಕಿನಲ್ಲಿ ಅದೇ ಕಪ್ಪಾಗಿ ಕಾಣುತ್ತದೆ, ಹೆಣಿಗೆಯೂ ಉಳಿಯುತ್ತದೆ. ಕೂದಲಿನ ಅಂಚುಗಳು ಗರಗಸದಂತೆ ಕಾಣುವ ದೋಷ 2016ರ ಸ್ಪೆಷಲ್ ಎಡಿಶನ್‌ನಲ್ಲಿ ಬಂದ ಹೊಸ ಅಂಚು ನಯಗೊಳಿಸುವಿಕೆಯಿಂದ ಬಹಳಷ್ಟು ತಗ್ಗಿದೆ. ಇಡೀ ಸಂಗ್ರಹ ಬೇಡ, ಮೂಲದ ಜಡೆಗಳೇ ಸಾಕು ಎನ್ನುವವರು ‘ಸುಪೀರಿಯರ್ ಲೋರ್-ಫ್ರೆಂಡ್ಲಿ ಹೇರ್’ ಎಂಬ ಮಾಡ್ ಹಾಕಿಕೊಳ್ಳಬಹುದು. ಅದು ಆಕಾರವನ್ನು ಬದಲಿಸದೆ ಮೇಲಿನ ಚಿತ್ರಪದರವನ್ನಷ್ಟೇ ಹೊಸದಾಗಿ ಬರೆಯುತ್ತದೆ. ಊರಿನ ಎಲ್ಲ ಹೆಂಗಸರ ಕೂದಲೂ ಒಂದೇ ಮಟ್ಟಕ್ಕೆ ಏರುವುದರಿಂದ ನಾಯಕಿಯೊಬ್ಬಳೇ ಮಿರುಗುತ್ತಾ ಸುತ್ತಲಿನವರು ಮಂಕಾಗಿರುವ ವಿಚಿತ್ರ ಇಲ್ಲಿಲ್ಲ. ನಾನು ಒಂದನ್ನೇ ಇಟ್ಟುಕೊಳ್ಳಬೇಕಾದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಕೆಎಸ್ ಸಂಗ್ರಹವನ್ನು ಇದರ ಮೇಲೆ ಒಂದು ಸುತ್ತುಜಡೆಗಾಗಿ, ಒಂದು ಹೆಗಲಜಡೆಗಾಗಿ, ಒಂದೆರಡು ತುರುಬುಗಳಿಗಾಗಿ ಸೇರಿಸಿಕೊಳ್ಳಬಹುದು, ಅಪಾಚಿಯದು ಆಮೇಲೆ.

ಪ್ಲೇಸ್ಟೇಶನ್‌ನಲ್ಲಿ ಆಡುವವರಿಗೆ ಈ ಶಿಫಾರಸುಗಳು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಹೊರಗಿನಿಂದ ಹೊಸ ಆಕಾರಗಳನ್ನೋ ಚಿತ್ರಪದರಗಳನ್ನೋ ತರುವ ಮಾಡ್‌ಗಳಿಗೆ ಅನುಮತಿಯಿಲ್ಲ, ಮೂಲದ ಪಟ್ಟಿಯಲ್ಲಿಯೇ ತೃಪ್ತಿಪಡಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಕೂದಲಿನ ಸಂಗ್ರಹಗಳಿಗೆ ಅವಕಾಶವಿದೆ, ಚಲಿಸುವ ಜಡೆಗೆ ಇಲ್ಲ. ಆಟದ ನಡುವೆ ಕೇಶವಿನ್ಯಾಸ ಬದಲಿಸಬೇಕೆಂದರೆ ರಿಫ್ಟನ್ ನಗರದ ತಳದಲ್ಲಿರುವ ರ್ಯಾಗ್ಡ್ ಫ್ಲಾಗನ್ ಎಂಬ ಹೆಂಡದಂಗಡಿಗೆ ಹೋಗಿ ಗಲಾಥಿಲ್ ಎಂಬ ಮುಖಶಿಲ್ಪಿಗೆ 1000 ಚಿನ್ನದ ನಾಣ್ಯ ಕೊಡಬೇಕು. ಈ ಸೌಲಭ್ಯ 2012ರ ಡಾನ್‌ಗಾರ್ಡ್ ವಿಸ್ತರಣೆಯೊಂದಿಗೆ ಬಂದದ್ದು. ಕಂಪ್ಯೂಟರಿನಲ್ಲಿ ಆಡುವವರು ಆದೇಶದ ಕಿಟಕಿಯಲ್ಲಿ ‘ಶೋರೇಸ್‌ಮೆನು’ ಎಂಬ ಆದೇಶವನ್ನು ಕೊಟ್ಟು ಪುಕ್ಕಟೆಯಾಗಿ ಅದೇ ಕೆಲಸ ಮಾಡಿಕೊಳ್ಳಬಹುದು. ಯಾವುದಾದರೂ ಸಂಗ್ರಹವನ್ನು ತೆಗೆದುಹಾಕುವ ಮುನ್ನ ಇವೆರಡರಲ್ಲಿ ಒಂದು ದಾರಿ ಹಿಡಿದು ನಾಯಕಿಗೆ ಮೂಲ ಆಟದ ಕೂದಲನ್ನು ತೊಡಿಸಿ, ಆಟವನ್ನು ಉಳಿಸಿ, ಆಮೇಲೆ ಸಂಗ್ರಹವನ್ನು ತೆಗೆಯುವುದು ಕ್ಷೇಮ. ಇಲ್ಲದಿದ್ದರೆ ಮುಂದಿನ ಸಲ ಆಟ ತೆರೆದಾಗ ಅವಳು ಬೋಳುತಲೆಯಲ್ಲಿ ಎದುರಾಗಬಹುದು.